ಗುರುವಾರದ ತಪ್ಪಾಯ್ತು

ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರು ಒಂದಾದರೆ, ತಾನೇ ದುಡಿದು ಸಂಪಾದಿಸಿದ ಹೆಸರು ಇನ್ನೊಂದಿರುತ್ತದೆ. ಫ್ಯಾನ್ ಕಂಪನಿಯ ಉಗ್ರಾಣ ನೋಡಿಕೊಳ್ಳುತ್ತಿದ್ದ ನಮ್ಮ ಮಹಾಶಯ ಸ್ವಂತ ದುಡಿಮೆಯಿಂದ ಗಳಿಸಿದ ಹೆಸರು ಆಮೇಲಪ್ಪ. ಯಾರು ಏನು ಹೇಳಿದರೂ "ಆಮೇಲೆ ಮಾಡಿದ್ರಾಯ್ತು ಬಿಡಿ" ಎನ್ನುವುದು ಅವನ ಬಾಯಿಪಾಠ. ಆ 'ಆಮೇಲೆ' ಬರುವಷ್ಟರಲ್ಲಿ ಮಾಡಬೇಕಾದದ್ದು ಏನು ಎಂಬುದೇ ಮರೆತುಹೋಗಿರುತ್ತಿತ್ತು. ಅವನನ್ನು ಸೋಮಾರಿ ಎಂದರೆ ನಮಗೆ ಪಾಪ ಬರುತ್ತದೆ. ದಿನವಿಡೀ ಓಡಾಡುವ ಮನುಷ್ಯ. ಎಲ್ಲಿಗೆ ಹೊರಟೆ ಎಂಬುದು ಮಾತ್ರ ನಡುದಾರಿಯಲ್ಲಿ ಕೈಕೊಡುತ್ತಿತ್ತು.

ಮೊನ್ನೆ ಮೊನ್ನೆ, ಮಾವನವರನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೋದವನು ಹಿಂತಿರುಗುವಾಗ ಒಂದು ಪೊರಕೆ ತಂದ. ಸೋಪನ್ನೂ ತಂದ. "ಅಪ್ಪ ಎಲ್ಲಿ?" ಎಂದು ಹೆಂಡತಿ ಕೇಳಿದರೆ, "ಅವರೂ ಬರೋರಿದ್ರಾ?" ಎಂದು ಅವಳನ್ನೇ ಕೇಳಿದ. ಮಾವನವರು ಪೆಟ್ಟಿಗೆಯ ಮೇಲೆ ಕೂತು ಕೂತು ಸಾಕಾಗಿ, ಬಂದ ಬಸ್ಸನ್ನೇ ಹತ್ತಿ ಊರಿಗೆ ಹಿಂತಿರುಗಿದರು. ಆ ವಾರವೆಲ್ಲ ಮನೆಯಲ್ಲಿ ಮಾತೂ ಇರಲಿಲ್ಲ, ಊಟಕ್ಕೆ ಉಪ್ಪೂ ಇರಲಿಲ್ಲ.

ಅಪ್ಪನ ವಿಷಯವನ್ನಾದರೂ ಹೆಂಡತಿ ನುಂಗಿಕೊಂಡಾಳು, ಮನೆಯ ವಿಷಯ ನುಂಗುವಂಥದ್ದಲ್ಲ. ಅವರಿದ್ದದ್ದು ಬಾಡಿಗೆ ಮನೆಯ ಕೆಳಗಿನ ಅಂತಸ್ತು. ಬೀದಿಯ ಕಡೆಗೆ ಉದ್ದನೆಯ ಕೋಣೆ, ದೊಡ್ಡ ಕಿಟಕಿಗಳು, ಸೂಜಿಗೆ ದಾರ ಪೋಣಿಸಲು ಬೇಕಾದಷ್ಟು ಬೆಳಕು. ಅಲ್ಲಿ ಯಂತ್ರಗಳನ್ನು ಸಾಲಾಗಿಟ್ಟು ಅವಳು ಹೊಲಿಗೆ ತರಗತಿ ನಡೆಸುತ್ತಿದ್ದಳು. ಯಂತ್ರದ ಗಡಗಡ ಸದ್ದು ಆಗುವುದಿಲ್ಲ ಎಂದು ಎಷ್ಟೋ ಮನೆಯವರು ಬಾಗಿಲಲ್ಲೇ ಕೈಯಾಡಿಸಿ ಕಳಿಸಿದ ಮೇಲೆ ಸಿಕ್ಕ ಮನೆ ಅದು. ಅದರ ಕರಾರು ಮುಂದಿನ ತಿಂಗಳ ಕೊನೆಗೆ ಮುಗಿಯುವುದಿತ್ತು. ಕರಾರು ಮುಂದುವರಿಯದಿದ್ದರೆ ತರಗತಿಯೂ ಬೀದಿಗೆ, ಅದರ ಬೆನ್ನಿಗೆ ಸಂಸಾರವೂ ಬೀದಿಗೆ.

"ನೋಡ್ರೀ, ಈ ಮನೆ ಕೈತಪ್ಪಿದ್ರೆ ನಾನು ಅಪ್ಪನ ಹತ್ರ ಹೋಗಿ ಇರ್ತೀನಿ. ನೀವು ಕರೆಯೋಕೆ ಬಂದು ಪೊರಕೆ ತಗೊಂಡು ವಾಪಸ್ ಹೋಗಿ," ಎಂದಳು ಹೆಂಡತಿ.

ಇಷ್ಟರಲ್ಲಿ ಭಾಮೈದ ಬಂದ. ಫೋನ್ ರಿಪೇರಿ ಅಂಗಡಿ ಇಟ್ಟುಕೊಂಡ ಹುರುಪಿನ ಆಸಾಮಿ. ಅಪ್ಪನಿಗಾದ ಅವಮಾನಕ್ಕೆ ಜಗಳವಾಡಲೆಂದೇ ಬಂದವನು ಭಾವನ ಮುಖ ನೋಡಿ ಕರಗಿಹೋಗಿ, ಅವನ ಫೋನನ್ನು ಕೈಗೆ ತೆಗೆದುಕೊಂಡ.

"ಭಾವ, ಇವತ್ತಿಂದ ನಿಮ್ಮ ತಲೆಯನ್ನ ನಂಬಬೇಡಿ. ಇದನ್ನ ನಂಬಿ. ಮಾಡಬೇಕಾದ್ದನ್ನೆಲ್ಲ ಈ ಪಟ್ಟೀಲಿ ಹಾಕಿ. ದೊಡ್ಡ ಕೆಲಸಕ್ಕೆ ಪ್ರಾಜೆಕ್ಟ್ ಅಂತಾರೆ. ಅದರ ಹೊಟ್ಟೇಲಿ ಸಣ್ಣ ಸಣ್ಣ ಕೆಲಸ. ದಿನ, ಹೊತ್ತು ಕೊಟ್ರೆ ಅದೇ ಕೂಗಿ ನೆನಪಿಸತ್ತೆ. ಮುಗಿದ ತಕ್ಷಣ ಇಲ್ಲಿ ಮುಟ್ಟಿ."

ಮುಟ್ಟಿದರೆ 'ಟಿಣ್' ಎಂದು ಸದ್ದಾಗಿ ಆ ಕೆಲಸ ಮಾಯವಾಗುತ್ತಿತ್ತು. ಆಮೇಲಪ್ಪ ಆ ಸದ್ದಿಗೆ ಮರುಳಾದ. ಜೀವಮಾನದಲ್ಲಿ ಒಂದು ಕೆಲಸ ಮುಗಿದದ್ದಕ್ಕೆ ಯಾರೂ ಅವನಿಗೆ ಗಂಟೆ ಬಾರಿಸಿರಲಿಲ್ಲ.

"ಇದೇನೋ, ಎರಡು ಬಾಣ ಒಂದರ ಬಾಲ ಒಂದು ಹಿಡ್ಕೊಂಡು ಸುತ್ತುತಾ ಇದಾವೆ?" ಎಂದು ಅವನು ಕೇಳುವುದಕ್ಕೂ, ಭಾಮೈದನಿಗೆ ಅಂಗಡಿಯಿಂದ ಕರೆ ಬರುವುದಕ್ಕೂ ಸರಿಹೋಯಿತು. ಭಾಮೈದ ಮಾತಾಡುತ್ತಲೇ ಗೇಟು ದಾಟಿ ಹೋಗಿಬಿಟ್ಟ.

ಹೀಗಾಗಿ ಆಮೇಲಪ್ಪ ಸ್ವಂತ ಬುದ್ಧಿ ಓಡಿಸಬೇಕಾಯಿತು. ಅನಾಹುತಗಳೆಲ್ಲ ಶುರುವಾಗುವುದು ಇಂಥ ಕಡೆಯೇ. ಒಂದು ಬಾಣ ಆಚೆ ಹೋಗುತ್ತಿದೆ, ಇನ್ನೊಂದು ಈಚೆ ಬರುತ್ತಿದೆ. ಅಂದರೆ ಹೋಗಿ ಬರುವ ಕೆಲಸ! ಕೂತಲ್ಲೇ ಮಾಡುವ ಕೆಲಸಕ್ಕೆ ಈ ಗುರುತು ಬೇಡ, ಹೊರಗೆ ಹೋಗಿ ಮರಳಬೇಕಾದ ಕೆಲಸಕ್ಕೆ ಬೇಕು. ಇದನ್ನು ಮಾಡಿದವರ ಜಾಣತನಕ್ಕೆ ಅವನು ತಲೆದೂಗಿದ. ಆ ಗುರುತನ್ನು ಮುಟ್ಟಿದಾಗ ಕೆಳಗೆ ಸಣ್ಣಕ್ಷರದಲ್ಲಿ 'ವಾರಕ್ಕೊಮ್ಮೆ' ಎಂದು ಮೂಡುತ್ತಿದ್ದುದೇನೋ ನಿಜ. ಅದನ್ನು ಓದಲು ಕನ್ನಡಕ ಬೇಕು. ಕನ್ನಡಕವನ್ನು ಹುಡುಕುವ ಕೆಲಸ ಇನ್ನೂ ಪಟ್ಟಿಗೆ ಸೇರಿರಲಿಲ್ಲ.

ಅಲ್ಲಿಂದಾಚೆಗೆ ಆಮೇಲಪ್ಪನ ನಡಿಗೆಯೇ ಬದಲಾಯಿತು. ಎದುರುಮನೆಯವರು "ಹೇಗಿದೀರಿ?" ಎಂದರೆ, "ಪ್ರಾಜೆಕ್ಟ್‌ಗಳು ನಡೀತಾ ಇದಾವೆ," ಎನ್ನುತ್ತಿದ್ದ. ತಲೆಕೂದಲು ಒಂದು ಪ್ರಾಜೆಕ್ಟ್. ಅದರ ಹೊಟ್ಟೆಯಲ್ಲಿ 'ಕ್ಷೌರಕ್ಕೆ ಹೋಗಿ ಬರುವುದು'. ಕಚೇರಿ ಒಂದು ಪ್ರಾಜೆಕ್ಟ್. ಅದರಲ್ಲಿ 'ಮ್ಯಾನೇಜರ ಹಲ್ಲುನೋವು ವಿಚಾರಿಸಿ ಬರುವುದು'. ಹೋಗಿ ಬರುವ ಕೆಲಸಗಳಿಗೆಲ್ಲ ಮರೆಯದೆ ಎರಡು ಬಾಣ.

ಆ ವಾರವೇ ಅವನು ನೀರಿನ ಮೋಟಾರು ಹಾಕಿ ಮರೆತ. ಮಹಡಿಯ ತೊಟ್ಟಿ ತುಂಬಿ ಹರಿದು, ಮೇಲಿನ ಮನೆಯಲ್ಲಿದ್ದ ಮಾಲೀಕರು ಬಿಸಿಲಿಗೆ ಹರಡಿದ್ದ ಹಳೆಯ ಪತ್ರಿಕೆಗಳೆಲ್ಲ ತೊಯ್ದು ಮುದ್ದೆಯಾದವು. ಕರಾರಿನ ಹೊತ್ತಿನಲ್ಲಿ ಇದೊಂದು ಕಂಟಕ. ಆಮೇಲಪ್ಪ ಕೂಡಲೇ 'ಮನೆ ಕರಾರು' ಎಂಬ ಪ್ರಾಜೆಕ್ಟ್ ತೆರೆದು, ಅದರೊಳಗೆ 'ಮೇಲೆ ಹೋಗಿ ಕ್ಷಮೆ ಕೇಳಿ ಬರುವುದು' ಎಂದು ಬರೆದು, ಗುರುವಾರ ಸಂಜೆಯ ಹೊತ್ತು ಕೊಟ್ಟು, ಬಾಣಗಳನ್ನು ಒತ್ತಿದ. ಯಾವುದಕ್ಕೆ ಕ್ಷಮೆ ಎಂದು ಬರೆಯಲಿಲ್ಲ. ಆಗ ಅವನಿಗೆ ಗೊತ್ತಿತ್ತಲ್ಲ!

ಮೇಲಿನ ಮನೆಯ ಯಜಮಾನರು ನಿವೃತ್ತ ಲೆಕ್ಕ ತಪಾಸಣಾಧಿಕಾರಿ. ಬೀದಿಗೆಲ್ಲ ಅವರು ಆಡಿಟರು. ಕೆಲಸದಲ್ಲಿದ್ದಷ್ಟು ಕಾಲವೂ ತಪ್ಪು ಸಿಗದೆ ಯಾವ ಕಚೇರಿಯಿಂದಲೂ ಅವರು ಹಿಂತಿರುಗಿದವರಲ್ಲ. ತಪ್ಪು ಸಿಗದ ಕಡೆ ಇನ್ನೊಂದು ದಿನ ಉಳಿದುಕೊಳ್ಳುತ್ತಿದ್ದರಂತೆ. ನಿವೃತ್ತಿಯಾದ ಮೇಲೆ ಹಾಲಿನವನ ಅಳತೆ, ಇಸ್ತ್ರಿಯವನ ಮಡಿಕೆ, ಹೆಂಡತಿಯ ಅಡುಗೆ, ಹೀಗೆ ಸಿಕ್ಕಿದ್ದನ್ನು ತಪಾಸಣೆ ಮಾಡಿಕೊಂಡು ಕಾಲ ಕಳೆಯುತ್ತಿದ್ದರು. ಅವರ ಹೆಂಡತಿಯನ್ನು ಕೆಳಗಿನವರು ಮೇಲಿನಮ್ಮ ಎನ್ನುತ್ತಿದ್ದರು. ಮಹಡಿಯ ಮೇಲೆ ಹೂಕುಂಡ ಬೆಳೆಸಿಕೊಂಡು ಸದ್ದಿಲ್ಲದೆ ಇದ್ದ ಹೆಂಗಸು.

ಮೊದಲ ಗುರುವಾರ ಎಲ್ಲವೂ ಸುಸೂತ್ರವಾಗಿ ನಡೆಯಿತು. "ತಪ್ಪಾಯ್ತು ಸಾರ್, ಮೋಟಾರು ಆರಿಸೋದು ಮರೆತೆ," ಎಂದ. "ಹೋಗ್ಲಿ ಬಿಡಿ, ಹಳೇ ಪೇಪರು," ಎಂದರು ಆಡಿಟರು. ಮೇಲಿನಮ್ಮ ಕಾಫಿಯನ್ನೂ ಕೊಟ್ಟರು. ಆಮೇಲಪ್ಪ ಕೆಳಗಿಳಿಯುತ್ತಾ 'ಟಿಣ್' ಎನ್ನಿಸಿದ.

ಎರಡನೆಯ ಗುರುವಾರ ಸಂಜೆ ಫೋನು ಮತ್ತೆ ಕೂಗಿತು: ಮೇಲೆ ಹೋಗಿ ಕ್ಷಮೆ ಕೇಳಿ ಬರುವುದು. ಆಮೇಲಪ್ಪ ತಲೆ ಕೆರೆದುಕೊಂಡ. ಈ ವಾರ ಏನು ಮಾಡಿದೆ? ನೆನಪಾಗಲಿಲ್ಲ. ಅವನಿಗೆ ಮರೆಯುವುದು ಹೊಸದಲ್ಲ. ಪಟ್ಟಿಯಲ್ಲಿದೆ ಎಂದ ಮೇಲೆ ಮಾಡಿಯೇ ಇರಬೇಕು. ತಲೆಯನ್ನು ನಂಬಬೇಡಿ, ಪಟ್ಟಿಯನ್ನು ನಂಬಿ ಎಂದು ಭಾಮೈದ ಹೇಳಿರಲಿಲ್ಲವೇ? ಅಂಗಿ ಸರಿಮಾಡಿಕೊಂಡು ಮೆಟ್ಟಿಲು ಹತ್ತಿದ.

"ಸಾರ್, ದಯವಿಟ್ಟು ಕ್ಷಮಿಸ್ಬೇಕು. ತಪ್ಪಾಯ್ತು."

ಆಡಿಟರು ಪತ್ರಿಕೆಯಿಂದ ಮುಖವೆತ್ತಿದರು. ಬೇರೆ ಯಾರೇ ಆಗಿದ್ದರೂ "ಯಾವುದಕ್ಕೆ?" ಎಂದು ಕೇಳುತ್ತಿದ್ದರು, ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತಮ್ಮ ಕಣ್ಣಿಗೆ ಬೀಳದ ತಪ್ಪೊಂದು ತಮ್ಮ ಮನೆಯಲ್ಲೇ ಇದೆ ಎಂದು ಒಪ್ಪಿಕೊಳ್ಳುವುದಾದರೂ ಹೇಗೆ?

"ಹೂಂ," ಎಂದರು ಗಂಭೀರವಾಗಿ. "ಗೊತ್ತಾಗಿದೆ ನನಗೆ."

"ನಿಮಗೆ ಗೊತ್ತಿರತ್ತೆ ಅಂತ ಗೊತ್ತಿತ್ತು ಸಾರ್," ಎಂದ ಆಮೇಲಪ್ಪ. ಅವನಿಗೆ ನಿಜವಾಗಿಯೂ ಸಮಾಧಾನವಾಯಿತು. ಇಬ್ಬರಲ್ಲಿ ಒಬ್ಬರಿಗಾದರೂ ಗೊತ್ತಿದೆಯಲ್ಲ!

ಅವನು ಇಳಿದುಹೋದ ಮೇಲೆ ಆಡಿಟರು ಟಾರ್ಚು ಹಿಡಿದು ಮನೆಯನ್ನೆಲ್ಲ ಸುತ್ತಿದರು. ಮೀಟರು, ನಲ್ಲಿ, ಗೇಟಿನ ಕೊಂಡಿ, ಕಾಂಪೌಂಡಿನ ಬಣ್ಣ, ಎಲ್ಲವೂ ಇದ್ದ ಹಾಗೇ ಇದ್ದವು. ಅಷ್ಟು ಸರಿಯಾಗಿದ್ದದ್ದೇ ಅವರಿಗೆ ಅನುಮಾನ ತಂದಿತು.

ಮೂರನೆಯ ಗುರುವಾರವೂ ಆಮೇಲಪ್ಪ ಬಂದ, ಕೈಮುಗಿದ, ತಪ್ಪಾಯ್ತು ಎಂದ. ಈ ಸಲ ಆಡಿಟರು ಬಲೆ ಬೀಸಿದರು.

"ಎಷ್ಟು ದಿನದಿಂದ ನಡೀತಾ ಇದೆ ಇದು?"

ಆಮೇಲಪ್ಪ ಯೋಚಿಸಿದ. "ಮೊದಲಿಂದಾನೂ ನಾನು ಹೀಗೇ ಸಾರ್."

"ಇನ್ನೂ ಮುಂದುವರಿಯತ್ತಾ?"

"ಇನ್ಮೇಲೆ ಆಗದ ಹಾಗೆ ನೋಡ್ಕೋತೀನಿ. ಆದ್ರೆ ನನ್ನ ಕೈಲಿ ಏನಿದೆ ಸಾರ್, ಆಗೋದು ಆಗ್ತಾನೇ ಇರತ್ತೆ."

ಆ ರಾತ್ರಿ ಆಡಿಟರಿಗೆ ನಿದ್ದೆ ಬರಲಿಲ್ಲ. "ಪಾಪ, ಒಳ್ಳೇ ಮನುಷ್ಯ. ಸಂಕೋಚಕ್ಕೆ ಹಾಗಂತಾರೆ," ಎಂದರು ಮೇಲಿನಮ್ಮ. "ಸಂಕೋಚಕ್ಕೆ ಯಾರಾದ್ರೂ ವಾರ ವಾರ ಬರ್ತಾರೇನೆ? ನಿನಗೇನು ಗೊತ್ತು? ಅವನಿಗೆ ಕಾಫಿ ಕೊಟ್ಟಿದ್ದು ಯಾಕೆ ನೀನು?" ಎಂದು ಆಡಿಟರು ಆಕೆಯ ಮೇಲೂ ಒಂದು ಆಕ್ಷೇಪಣೆ ಎತ್ತಿದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಅತ್ತ ಊರಿನ ಬೇರೆ ಕಡೆಗಳಲ್ಲೂ ಬಾಣಗಳು ಕೆಲಸ ಮಾಡುತ್ತಿದ್ದವು. "ಸಾರ್, ಹೋದ ವಾರ ತಾನೇ ತೆಗ್ದಿದ್ದು, ಕತ್ತರಿಗೆ ಹಿಡಿಯೋಕೇ ಏನೂ ಸಿಗ್ತಿಲ್ಲ," ಎಂದ ಕ್ಷೌರದವನು. "ಸಿಕ್ಕಿದ್ದನ್ನ ತೆಗೀಪ್ಪ, ಪಟ್ಟೀಲಿದೆ," ಎಂದ ಆಮೇಲಪ್ಪ. ಅವನ ತಲೆ ದೀಪ ಹಚ್ಚದೆಯೇ ಹೊಳೆಯತೊಡಗಿತು. ಹಲ್ಲನ್ನು ಕೀಳಿಸಿಕೊಂಡು ಅದನ್ನು ಮರೆತೇಬಿಟ್ಟಿದ್ದ ಮ್ಯಾನೇಜರು, "ಆ ಹಲ್ಲು ಹೋಗಿ ಎಷ್ಟೋ ದಿನ ಆಯ್ತು ಕಣ್ರೀ, ನೀವ್ಯಾಕೆ ಇನ್ನೂ ಅದರ ಹಿಂದೆ ಬಿದ್ದಿದೀರಿ?" ಎಂದು ರೇಗಿದರು. ಆಮೇಲಪ್ಪನಿಗೆ ಕೋಪ ಬರಲಿಲ್ಲ. ಅಚ್ಚುಕಟ್ಟಾಗಿ ಬದುಕುವವರನ್ನು ಕಂಡರೆ ಲೋಕಕ್ಕೆ ಹೊಟ್ಟೆಯುರಿ ಎಂದುಕೊಂಡ.

ನಾಲ್ಕನೆಯ ಗುರುವಾರದ ಹೊತ್ತಿಗೆ ಆಡಿಟರು ಮೇಸ್ತ್ರಿಯನ್ನು ಕರೆಸಿದ್ದರು. ಮೇಸ್ತ್ರಿ ಗೋಡೆಗೆ ಕಿವಿಯಿಟ್ಟು ಬಡಿದು ನೋಡಿ, "ಟೊಳ್ಳು ಸದ್ದು ಬರ್ತಿದೆ ಸಾರ್," ಎಂದ. ಕೆಲಸ ಬೇಕಾದ ಮೇಸ್ತ್ರಿಗೆ ಯಾವ ಗೋಡೆ ಟೊಳ್ಳಲ್ಲ? "ಕೆಳಗಿನವರು ಏನಾದ್ರೂ ಪೈಪಿಗೆ ಕೈ ಹಾಕಿರಬಹುದು. ಒಡೆದು ನೋಡಿದ್ರೆ ಗೊತ್ತಾಗತ್ತೆ." ಮಹಡಿಯಲ್ಲಿ ತೇವ ಇದೆಯೇ ಎಂದು ನೋಡಲು ಆಡಿಟರು ಮೇಲಿನಮ್ಮನ ಹೂಕುಂಡಗಳನ್ನೆಲ್ಲ ಬುಡಮೇಲು ಮಾಡಿಸಿದರು. ಗುಲಾಬಿ ಗಿಡಗಳು ಬೇರು ಮೇಲಾಗಿ ಬಿಸಿಲಿನಲ್ಲಿ ಬಿದ್ದುಕೊಂಡವು. ಅಡಿಯಲ್ಲಿ ಸಿಕ್ಕಿದ್ದು ಎರೆಹುಳು. ಆಮೇಲೆ ಬಚ್ಚಲಿನ ಸರದಿ ಬಂತು. ನೆಲದ ಹಾಸು ಕಿತ್ತಿದ್ದೂ ಆಯಿತು, ಪೈಪು ಹೊಸದರ ಹಾಗಿತ್ತು.

ಬೀದಿ ಸುಮ್ಮನಿರುತ್ತದೆಯೇ? ಎದುರುಮನೆಯ ನಿವೃತ್ತ ನರ್ಸು, ಕೆಳಗಿನವರು ನೆಲದೊಳಗೆ ಏನೋ ಹೂತಿದ್ದಾರೆ ಎಂದರು. ಇಸ್ತ್ರಿಯವನು, ಏನನ್ನೋ ತೆಗೆದಿದ್ದಾರೆ ಎಂದ. ಎರಡೂ ಸೇರಿ, ಹೂತಿದ್ದನ್ನು ತೆಗೆದು ಮಾರಿದ್ದಾರೆ ಎಂದು ಬೀದಿಯ ಕೊನೆಯ ಮನೆಗೆ ತಲುಪಿತು.

ಹೆಂಡತಿಗೆ ವಿಷಯ ಮುಟ್ಟಿದ್ದು ಆಡಿಟರು ಹೇಳಿಕಳಿಸಿದಾಗ: "ವಾರ ವಾರ ಬಂದು ಕ್ಷಮೆ ಕೇಳಿದ್ರೆ ಸಾಲದು, ಕರಾರು ಮುಂದುವರಿಸೋದಿಲ್ಲ. ಎಲ್ಲಾ ಅವ್ಯವಹಾರ ಹೊರಗೆ ಬರೋವರೆಗೆ ಮಾತಿಲ್ಲ."

ಅವಳು ಕೈಯಲ್ಲಿದ್ದ ಕತ್ತರಿಯೊಂದಿಗೇ ಗಂಡನ ಮುಂದೆ ಬಂದು ನಿಂತಳು. "ಏನ್ರೀ ಮಾಡಿದೀರಿ?"

"ಗೊತ್ತಿಲ್ಲ ಕಣೇ."

"ಗೊತ್ತಿಲ್ದೆ ಕ್ಷಮೆ ಕೇಳೋಕೆ ಹೋಗ್ತಾರೇನ್ರೀ?"

"ಪಟ್ಟೀಲಿ ಬಂದ್ಮೇಲೆ ಏನೋ ಮಾಡಿರ್ತೀನಿ. ಮಾಡದೇ ಇರೋದು ಪಟ್ಟೀಲಿ ಯಾಕೆ ಬರತ್ತೆ?" ಎಂದ ಆಮೇಲಪ್ಪ, ಸಣ್ಣ ಮಗುವಿಗೆ ಹೇಳುವ ತಾಳ್ಮೆಯಿಂದ.

ಅಪ್ಪನನ್ನೇ ಮರೆತು ಬಂದ ಗಂಡ ಏನು ಮಾಡಿರಲಾರ? ಅವಳು ತಡಮಾಡದೆ ಮೇಲೆ ಹೋಗಿ, "ಇವರು ಏನೇ ಮಾಡಿದ್ರೂ ಹೊಟ್ಟೆಗೆ ಹಾಕ್ಕೊಳ್ಳಿ ಸಾರ್, ತಪ್ಪಾಯ್ತು," ಎಂದು ಅತ್ತಳು. ಟೀಚರ ಕಣ್ಣು ಕೆಂಪಗಾದದ್ದನ್ನು ಕಂಡ ಹೊಲಿಗೆ ಹುಡುಗಿಯರು, ಗೇಟಿನ ಬಳಿ ಆಡಿಟರು ಎದುರಾದಾಗ ಹೆದರಿ ಒಬ್ಬೊಬ್ಬರಾಗಿ "ತಪ್ಪಾಯ್ತು ಸಾರ್" ಎಂದು ಗೋಡೆಗೆ ಒತ್ತಿಕೊಂಡು ಹೋದರು. ಆಡಿಟರು ತಲೆ ಎಣಿಸಿದರು. ಇದು ಒಬ್ಬನ ಕೆಲಸವಲ್ಲ, ದೊಡ್ಡ ಜಾಲ!

ಕೊನೆಗೆ ಕರಾರು ಮುಗಿಯುವ ವಾರದ ಗುರುವಾರ ಸಂಜೆ ಆಡಿಟರು ಎಲ್ಲರನ್ನೂ ಮೇಲಿನ ಹಜಾರಕ್ಕೆ ಕರೆಸಿದರು. ಆಮೇಲಪ್ಪ, ಅವನ ಹೆಂಡತಿ, ಅಕ್ಕ ಅತ್ತು ಕರೆದಳೆಂದು ಅಂಗಡಿ ಮುಚ್ಚಿ ಬಂದ ಭಾಮೈದ, ಮೂವರೂ ಸಾಲಾಗಿ ಕೂತರು. ಮೇಲಿನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಬಚ್ಚಲಿನೊಳಗಿಂದ ಮೇಸ್ತ್ರಿಯ ಸುತ್ತಿಗೆ ಸದ್ದು ಬರುತ್ತಲೇ ಇತ್ತು. ಬಚ್ಚಲಿನ ಗೋಡೆಯನ್ನೂ ನೋಡಿಬಿಡಲು ಆಡಿಟರು ಹೇಳಿದ್ದರು.

"ಎಲ್ಲಾ ಬಾಯಿ ಬಿಡಿ," ಎಂದರು ಆಡಿಟರು. "ಒಂದೂ ಮುಚ್ಚಿಡಬೇಡಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ ಇರುತ್ತಾರೆ. ನಮ್ಮ ಆಮೇಲಪ್ಪ ಹೆಗಲನ್ನೇ ಕಳಚಿ ಮೇಜಿನ ಮೇಲಿಟ್ಟ.

"ಗೋಡೆಗೆ ಮೊಳೆ ಹೊಡೆದಿದೀನಿ ಸಾರ್. ಕ್ಯಾಲೆಂಡರ್ ಅಡ್ಡ ಹಾಕಿದೀನಿ."

"ಅದು ಚಿಲ್ಲರೆ. ಮುಂದೆ?"

"ಸ್ಕೂಟರ್ ತಾಗಿಸಿ ಗೇಟಿನ ಬಣ್ಣ ಕಿತ್ತಿದೀನಿ. ನಿಮ್ಮ ಪತ್ರಿಕೆ ನಿಮಗಿಂತ ಮುಂಚೆ ನಾನು ಓದ್ತೀನಿ. ಮಡಿಸಿ ಇಡ್ತೀನಿ, ಆಣೆಗೂ."

"ಅದಕ್ಕೇನಾ ಪುಟ ಹಿಂದು ಮುಂದು ಆಗ್ತಿದ್ದಿದ್ದು! ಇರಲಿ. ದೊಡ್ಡದು ಹೇಳ್ರೀ, ದೊಡ್ಡದು!"

ಆಮೇಲಪ್ಪನ ತಪ್ಪುಗಳ ಉಗ್ರಾಣ ಖಾಲಿಯಾಗಿತ್ತು. ಅವನು ಸೋತು ಹೆಂಡತಿಯ ಮುಖ ನೋಡಿದ. ಅವಳು ತಲೆ ತಗ್ಗಿಸಿದ್ದಳು. ಆಗಲೇ ಅವಳ ಕಣ್ಣ ಮುಂದೆ ಯಂತ್ರಗಳು ಒಂದೊಂದಾಗಿ ಗಾಡಿ ಹತ್ತುತ್ತಿದ್ದವು.

ಆ ಹೊತ್ತಿಗೆ ಸರಿಯಾಗಿ ಅವನ ಜೇಬಿನಲ್ಲಿ ಫೋನು ಕೂಗಿತು. ಆಮೇಲಪ್ಪ ತೆಗೆದು ನೋಡಿದ, ಎದ್ದು ನಿಂತ, ಅಂಗಿ ಎಳೆದುಕೊಂಡ. "ಸಾರ್, ದಯವಿಟ್ಟು ಕ್ಷಮಿಸ್ಬೇಕು. ತಪ್ಪಾಯ್ತು," ಎಂದು, ಕೂತು, 'ಟಿಣ್' ಎನ್ನಿಸಿದ.

ಎಲ್ಲರೂ ಬಾಯಿ ಬಿಟ್ಟುಕೊಂಡು ಅವನನ್ನೇ ನೋಡಿದರು. ಭಾಮೈದ ಫೋನು ಕಿತ್ತುಕೊಂಡ. ಒಂದು ಕ್ಷಣ ನೋಡಿ, ತಲೆಗೆ ಕೈ ಹೊತ್ತುಕೊಂಡ.

"ಭಾವ, ಈ ಬಾಣ ಯಾಕೆ ಒತ್ತಿದ್ರಿ?"

"ಹೋಗಿ ಬರೋ ಕೆಲಸ ಅಲ್ವೇನೋ? ಒಂದು ಬಾಣ ಮೇಲೆ ಬರೋಕೆ, ಒಂದು ಕೆಳಗೆ ಹೋಗೋಕೆ."

"ಅಯ್ಯೋ, ಇದು ವಾರ ವಾರ ಮತ್ತೆ ಮಾಡು ಅನ್ನೋ ಗುರುತು! ನೀವಾಗೇ ತೆಗೆಯೋವರೆಗೆ ಇದು ಪ್ರತಿ ಗುರುವಾರ ಕೂಗ್ತಾನೇ ಇರತ್ತೆ!" ಎಂದು ಭಾಮೈದ ಮೊದಲಿಂದ ಕೊನೆಯವರೆಗೆ ಬಿಡಿಸಿ ಹೇಳಿದ.

ಆಮೇಲಪ್ಪ ನಿಧಾನವಾಗಿ ತಲೆ ಸವರಿಕೊಂಡ. ಅಲ್ಲಿ ಸವರಲು ಏನೂ ಇಲ್ಲದ್ದಕ್ಕೂ ಆಗ ಅವನಿಗೆ ಕಾರಣ ಹೊಳೆಯಿತು.

"ಹಾಗಾದ್ರೆ ತಪ್ಪು ಅನ್ನೋದು ಇಲ್ವೇ ಇಲ್ವಾ?" ಎಂದು ಕೇಳಿದರು ಆಡಿಟರು. ಅವರ ದನಿಯಲ್ಲಿ ಏನೋ ಕಳೆದುಕೊಂಡ ಸಂಕಟವಿತ್ತು.

"ಇತ್ತು ಸಾರ್. ತೊಟ್ಟಿ ತುಂಬಿ ಪತ್ರಿಕೆ ಒದ್ದೆಯಾಗಿತ್ತಲ್ಲ, ಅದು."

"ಅದನ್ನ ಅವತ್ತೇ ಹೋಗ್ಲಿ ಬಿಡಿ ಅಂದಿದ್ನಲ್ಲ!"

"ಪಟ್ಟಿ ಬಿಡಲಿಲ್ಲ ಸಾರ್."

ಆಡಿಟರು ಕೆಂಪಾದರು. ಬೆಟ್ಟ ಅಗೆದರೆ ಇಲಿಯಾದರೂ ಸಿಗುತ್ತದೆ, ತಮಗೆ ಸಿಕ್ಕಿದ್ದು ಎರೆಹುಳು. ಸೋತವರಿಗೆ ಸಿಟ್ಟು ಬೇಗ ಬರುತ್ತದೆ. "ನನ್ನ ಬಚ್ಚಲು ಹಾಳು ಮಾಡಿಸಿದ್ರಿ! ಬೀದೀಲಿ ನನ್ನ ಮಾನ ತೆಗೆದ್ರಿ! ಕರಾರಿಲ್ಲ, ಗಿರಾರಿಲ್ಲ, ಮನೆ ಖಾಲಿ ಮಾಡಿ!" ಎಂದು ಕರಾರು ಪತ್ರವನ್ನು ಮೇಜಿನ ಮೇಲೆ ಅಪ್ಪಳಿಸಿದರು.

"ಖಾಲಿ ಮಾಡಿ ಅನ್ನೋಕೆ ನೀವ್ಯಾರು?"

ಮಾತು ಬಂದದ್ದು ಅಡುಗೆಮನೆಯ ಬಾಗಿಲಿಂದ. ಮೇಲಿನಮ್ಮ ಕೈ ಒರೆಸಿಕೊಂಡು ಬಂದು ಕುರ್ಚಿ ಎಳೆದು ಕೂತರು. ಆ ಕುರ್ಚಿಯಲ್ಲಿ ಆಕೆ ಕೂತದ್ದನ್ನು ಯಾರೂ ನೋಡಿದ್ದಿಲ್ಲ.

"ಈ ಮನೆ ನನ್ನಪ್ಪ ನನ್ನ ಹೆಸರಿಗೆ ಬರೆದದ್ದು. ಇಷ್ಟು ವರ್ಷ ನೀವು ಬೆರಳಿಟ್ಟ ಕಡೆ ಸಹಿ ಹಾಕ್ತಾ ಬಂದೆ. ಇವತ್ತು ಬೆರಳು ನನ್ನದೇ ಸಾಕು." ಆಕೆ ಪತ್ರವನ್ನು ತಮ್ಮ ಕಡೆ ತಿರುಗಿಸಿಕೊಂಡು, ಓದಿ, ನಿಧಾನವಾಗಿ ಸಹಿ ಹಾಕಿ, ಆಮೇಲಪ್ಪನ ಹೆಂಡತಿಯ ಕೈಗೆ ಕೊಟ್ಟರು. "ಮಷಿನ್ ಸದ್ದು ನಿಲ್ಲಿಸಬೇಡಮ್ಮ. ಮನೇಲಿ ಜನ ಇದಾರೆ ಅನ್ಸತ್ತೆ."

ಹೆಂಡತಿ ಆ ಪತ್ರವನ್ನು ಎದೆಗೆ ಒತ್ತಿಕೊಂಡು ಗಳಗಳ ಅತ್ತುಬಿಟ್ಟಳು.

ಮೇಲಿನಮ್ಮ ಗಂಡನ ಕಡೆ ತಿರುಗಿದರು. "ಮದುವೆಯಾಗಿ ಬಂದಾಗಿಂದ ನನ್ನ ತಪ್ಪು ಎಷ್ಟು ಹುಡುಕಿದೀರಿ ನೀವು! ಅಡುಗೆ ತಪ್ಪು, ಮಾತು ತಪ್ಪು, ನಕ್ಕಿದ್ದೂ ತಪ್ಪು. ನಿಮ್ಮ ಬಾಯಲ್ಲಿ ಒಂದು ದಿನ 'ತಪ್ಪಾಯ್ತು' ಅಂತ ಕೇಳಲಿಲ್ಲ ನಾನು. ಈ ಮನುಷ್ಯ ಗುರುವಾರ ಗುರುವಾರ ಬಂದು ಅದನ್ನ ಹೇಳೋರು. ನನಗೆ ಹೇಳ್ತಿದ್ದಿದ್ದಲ್ಲ ಅಂತ ಗೊತ್ತು. ಆದ್ರೂ ಬಾಗಿಲ ಹಿಂದೆ ನಿಂತು ಕೇಳಿಸ್ಕೋತಿದ್ದೆ. ಕಿವಿಗೆ ಹಬ್ಬ ಆಗೋದು." ಆಕೆ ಮಹಡಿಯ ಬಾಗಿಲ ಕಡೆ ಕೈ ತೋರಿಸಿದರು. "ನನ್ನ ಗುಲಾಬಿ ಏನು ಮಾಡಿತ್ತು ನಿಮಗೆ?"

ಆಡಿಟರು ಮಹಡಿಯ ಬಾಗಿಲ ಕಡೆ ನೋಡಿದರು. ಅಲ್ಲಿ ಒಣಗಿದ ಗಿಡಗಳ ರಾಶಿ ಇನ್ನೂ ಬಿದ್ದಿತ್ತು. ಅವರ ತುಟಿ ಅಲುಗಿತು. ಬಚ್ಚಲಿನಲ್ಲಿ ಸುತ್ತಿಗೆ ಧಡಧಡ ಎನ್ನುತ್ತಿತ್ತು.

"ಕೇಳಿಸ್ಲಿಲ್ಲ," ಎಂದರು ಮೇಲಿನಮ್ಮ. "ಮೇಸ್ತ್ರೀ, ಸ್ವಲ್ಪ ನಿಲ್ಲಿ!"

ಸುತ್ತಿಗೆ ನಿಂತಿತು. ಆಮೇಲಪ್ಪನೂ ಅವನ ಮನೆಯವರೂ ತುದಿಗಾಲಲ್ಲಿ ಎದ್ದು ಬಾಗಿಲ ಕಡೆ ಸರಿದರು.

"ತಪ್ಪಾಯ್ತು," ಎಂದರು ಆಡಿಟರು, ಈ ಸಲ ಹೆಂಡತಿಯ ಮುಖ ನೋಡಿ.

ಮೇಲಿನಮ್ಮ ಕಣ್ಣೊರೆಸಿಕೊಂಡು, ಇಷ್ಟು ವಾರ ಆ ಮನೆಯಲ್ಲಿ ಯಾರೂ ಕೇಳದಿದ್ದ ಪ್ರಶ್ನೆಯನ್ನು ಕೇಳಿದರು.

"ಯಾವುದಕ್ಕೆ?"

ಆಡಿಟರು ಇನ್ನೊಂದು ಕುರ್ಚಿಯನ್ನು ಹೆಂಡತಿಯ ಎದುರಿಗೆ ಎಳೆದುಕೊಂಡು ಕೂತರು. ಬಹಳ ಹೊತ್ತು ಹಿಡಿಯುವ ಹಾಗಿತ್ತು. ಆಮೇಲಪ್ಪ ಸದ್ದಾಗದಂತೆ ಬಾಗಿಲು ಎಳೆದುಕೊಂಡು ಕೆಳಗಿಳಿದ.